ಮೊದಲ ಹಳೇ ಕಾರು ಕೊಳ್ಳುವವರಿಗೆ: ಎಂಜಿನ್ ಆಮೇಲೆ, ತಗಡು ಮೊದಲು

ನಾನು ಕೊಂಡ ಮೊದಲ ಹಳೇ ಕಾರು ರಸ್ತೆಗೆ ಬರಲೇ ಇಲ್ಲ. 1969ರ ಸ್ಟ್ಯಾಂಡರ್ಡ್ ಹೆರಾಲ್ಡ್, ನಾಲ್ಕು ಬಾಗಿಲಿನದು, ತಿಳಿಹಸಿರು ಬಣ್ಣ. ಉಡುಪಿ ಕಡೆ ಒಂದು ತೋಟದ ಮನೆಯ ಕೊಟ್ಟಿಗೆಯಲ್ಲಿ ನಿಂತಿತ್ತು. ಹೆರಾಲ್ಡಿನ ಬಾನೆಟ್ ನೋಡಿದವರಿಗೆ ಗೊತ್ತು, ಮಡ್‌ಗಾರ್ಡು, ಹೆಡ್‌ಲೈಟು ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತೆ. ಮುಂದಿನ ಚಕ್ರದ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಮನೆಯವರು ಬೇರೆ ಬ್ಯಾಟರಿ ಕಟ್ಟಿ, ಕಾರ್ಬೊರೇಟರಿಗೆ ಒಂಚೂರು ಪೆಟ್ರೋಲ್ ಬಿಟ್ಟು ಸೆಲ್ಫ್ ಹೊಡೆದರು. ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ನಾನು ಅಲ್ಲೇ ಸೋತೆ. ಚೌಕಾಸಿಯನ್ನೂ ಮಾಡದೆ 45,000 ರೂಪಾಯಿ ಎಣಿಸಿಕೊಟ್ಟು, ಮಿನಿ ಲಾರಿಯಲ್ಲಿ ಹುಲಿಕಲ್ ಘಾಟಿ ಹತ್ತಿಸಿ ಶಿವಮೊಗ್ಗಕ್ಕೆ ತಂದೆ.

ಮಾರನೇ ದಿನ ಚಕ್ರ ಬಿಚ್ಚೋಣ ಅಂತ ಜಾಕ್ ಕೊಟ್ಟೆ. ಜಾಕ್ ಮೇಲೆ ಹೋಯಿತು, ಕಾರು ಇದ್ದಲ್ಲೇ ಇತ್ತು. ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ತಗಡಿನ ರೈಲು ಹಪ್ಪಳದ ಹಾಗೆ ಮುರಿದು, ಜಾಕಿನ ತಲೆ ಒಳಗಿನ ರಬ್ಬರ್ ಮ್ಯಾಟನ್ನು ಗುಡಾರದ ಹಾಗೆ ಎತ್ತಿ ಹಿಡಿದಿತ್ತು. ಅಪ್ಪ ತೀರ್ಥಹಳ್ಳಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಜೀವಮಾನವಿಡೀ ಅಂಬಾಸಿಡರ್ ಓಡಿಸಿದವರು. ಬಗ್ಗಿ ನೋಡಿ, "ಎಂಜಿನ್ ಯಾರು ಬೇಕಾದ್ರೂ ಮಾಡ್ತಾರೆ ಮಗಾ, ಈ ತಗಡು ಯಾರು ಮಾಡ್ತಾರೆ?" ಅಂದರು. ಎಂಟು ತಿಂಗಳು ಒದ್ದಾಡಿ ಎಂಜಿನ್, ಗೇರ್‌ಬಾಕ್ಸ್, ಗಾಜುಗಳನ್ನು ಇನ್ನೊಬ್ಬ ಹೆರಾಲ್ಡ್ ಪ್ರೇಮಿಗೆ ಕೊಟ್ಟೆ. ಉಳಿದದ್ದನ್ನು ಗುಜರಿಯವರು ತೂಕಕ್ಕೆ ಹಾಕಿಕೊಂಡು ಹೋದರು.

ಎರಡನೆಯದು 1986ರ ಪ್ರೀಮಿಯರ್ ಪದ್ಮಿನಿ, ನಮ್ಮ ಕಡೆಯವರ ಬಾಯಲ್ಲಿ ಇವತ್ತಿಗೂ "ಫಿಯೆಟ್". ಮೂರು ವರ್ಷ ಹಿಡಿಯಿತು, ಈಗ ಭಾನುವಾರಗಳಲ್ಲಿ ಓಡುತ್ತೆ. ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವಳು, ಮೆಕ್ಯಾನಿಕ್ ಅಲ್ಲ. ಎರಡು ಕಾರುಗಳ ಮಧ್ಯೆ ಕಲಿತದ್ದನ್ನು, ಮೊದಲ ಸಲ ಹಳೇ ಕಾರು ತಂದು ರೆಡಿ ಮಾಡಬೇಕು ಅಂತಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ, ಯಾಕಂದರೆ ಅದರಲ್ಲೇ ಎಲ್ಲ ಇದೆ. ನನ್ನ ಪದ್ಮಿನಿಗೆ ಕೊಟ್ಟದ್ದು 65,000. ಎಂಜಿನ್ ಪೂರ್ತಿ ಬಿಚ್ಚಿ ಬೋರ್ ಮಾಡಿಸಿ (ಸವೆದ ಸಿಲಿಂಡರನ್ನು ಕೊರೆದು ಅಗಲ ಮಾಡಿಸಿ), ಹೊಸ ಪಿಸ್ಟನ್, ರಿಂಗು, ಬೇರಿಂಗು, ವಾಲ್ವು, ಗ್ಯಾಸ್ಕೆಟ್ ಸೆಟ್ಟು, ಲೇತ್ ಕೂಲಿ ಎಲ್ಲ ಸೇರಿ 42,000. ಟಿಂಕರಿಂಗ್ (ತಗಡಿನ ರಿಪೇರಿ) ಮತ್ತು ಪೇಂಟಿಂಗ್ 1,35,000, ಅದೂ ಒಳ್ಳೆಯ ಬಾಡಿ ಆರಿಸಿಕೊಂಡ ಮೇಲೆ. ಎಂಜಿನ್ ಕೆಲಸಕ್ಕೆ ಒಂದು ಅಳತೆ ಇದೆ, ಲೇತ್‌ನವನು ಮೈಕ್ರೋಮೀಟರ್ ಇಟ್ಟು ಇಷ್ಟು ಅಂತ ಹೇಳುತ್ತಾನೆ, ಅಲ್ಲಿಗೆ ಮುಗಿಯಿತು. ತಗಡಿಗೆ ಅಳತೆಯೂ ಇಲ್ಲ, ಕೊನೆಯೂ ಇಲ್ಲ. ಒಂದು ತೂತು ಮುಚ್ಚಲು ಕತ್ತರಿಸಿದರೆ ಪಕ್ಕದ ತಗಡು ಬೆಸುಗೆ ತಡೆಯುವುದಿಲ್ಲ, ಅದನ್ನೂ ಕತ್ತರಿಸಬೇಕು, ಅದರ ಪಕ್ಕದ್ದನ್ನೂ.

ಹಾಗಾಗಿ ಕಾರು ನೋಡಲು ಹೋಗುವಾಗ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗುವುದಕ್ಕಿಂತ ಟಿಂಕರಿಂಗ್ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ. ಒಂದು ದಿನದ ಕೂಲಿ, ಊಟ, ಬಸ್‌ಚಾರ್ಜು ಕೊಡಿ. ಕೈಯಲ್ಲಿ ಒಂದು ಹಳೇ ಬೆಡ್‌ಶೀಟು, ಟಾರ್ಚು, ದಪ್ಪ ಹಿಡಿಯ ಸ್ಕ್ರೂಡ್ರೈವರು, ಒಂದು ಚಿಕ್ಕ ಅಯಸ್ಕಾಂತ ಇರಲಿ. ಅಯಸ್ಕಾಂತಕ್ಕೆ ಹತ್ತಿ ಬಟ್ಟೆ ಸುತ್ತಿಕೊಳ್ಳಿ, ಇಲ್ಲದಿದ್ದರೆ ಪೇಂಟ್ ಗೀಚುತ್ತೆ, ಮಾರುವವರ ಮುಖವೂ ಕೆಡುತ್ತೆ. ಬಾಗಿಲಿನ ಕೆಳಗಂಚು, ಚಕ್ರದ ಮೇಲಿನ ಕಮಾನು, ಹೆಡ್‌ಲೈಟಿನ ಸುತ್ತ, ಹೀಗೆ ಒಂದೊಂದೇ ಗೇಣು ಸರಿಸುತ್ತಾ ಹೋಗಿ. ಅಂಟಿಕೊಳ್ಳುವ ಕಡೆ ತಗಡಿದೆ. ಜಾರಿ ಬೀಳುವ ಕಡೆ ಇರುವುದು ಪಟ್ಟಿ (putty), ಅಂದರೆ ಪೆಟ್ಟು, ತೂತು ಮುಚ್ಚಲು ಮೆತ್ತುವ ಪೇಸ್ಟು. ಪಟ್ಟಿ ಇದ್ದರೆ ತಪ್ಪೇನಲ್ಲ, ನಲವತ್ತು ವರ್ಷದ ಕಾರಿಗೆ ಎಲ್ಲೋ ಒಂದು ಕಡೆ ಪೆಟ್ಟು ಬಿದ್ದೇ ಇರುತ್ತೆ. ಅಂಗೈಯಗಲ ಇದ್ದರೆ ಬಿಡಿ, ಬಾಗಿಲಿನ ಉದ್ದಕ್ಕೂ ಇದ್ದರೆ ಎದ್ದು ಬನ್ನಿ.

ಆಮೇಲೆ ಬೆಡ್‌ಶೀಟ್ ಹಾಸಿ ಕೆಳಗೆ ಮಲಗಿ. ಇದನ್ನು ನಾಚಿಕೆಯಿಂದ ಬಿಟ್ಟವರೇ ಹೆಚ್ಚು, ನಾನೂ ಉಡುಪಿಯಲ್ಲಿ ಸೀರೆ ಉಟ್ಟಿದ್ದೆ ಅಂತ ಬಿಟ್ಟೆ. ಪದ್ಮಿನಿಗೆ ಬೇರೆ ಚಾಸಿಸ್ (ಕಾರನ್ನು ಹೊರುವ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿಸ್. ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ಪೆಟ್ಟಿಗೆಯಂಥ ತಗಡು, ನೆಲದ ತಗಡು, ಹಿಂದೆ ಕಮಾನುಪಟ್ಟೆ (ಲೀಫ್ ಸ್ಪ್ರಿಂಗ್) ಬಂದು ಕೂರುವ ಜಾಗ, ಈ ಮೂರೇ ಕಾರನ್ನು ಹೊತ್ತಿರುವುದು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ತಗಡು "ಠಣ್" ಅನ್ನುತ್ತೆ. ತುಕ್ಕು ತಿಂದದ್ದು, ಇಲ್ಲವೇ ಒಳಗೆ ಪಟ್ಟಿ ಮೆತ್ತಿ ಕಪ್ಪು ಬಣ್ಣ ಹೊಡೆದದ್ದು "ದಬ್" ಅನ್ನುತ್ತೆ, ಹಣ್ಣಾದ ಹಲಸನ್ನು ತಟ್ಟಿದ ಹಾಗೆ. ಮಲೆನಾಡಿನವರಿಗೆ ಈ ಕಿವಿ ಇದ್ದೇ ಇರುತ್ತೆ. ಕಾರಿನ ಹೊಟ್ಟೆಗೆ ಹೊಸದಾಗಿ ಟಾರಿನಂಥದ್ದು ಬಳಿದಿದ್ದರೆ ಯಾಕೆ ಅಂತ ಕೇಳಿ. "ತುಕ್ಕು ಹಿಡಿಯಬಾರದು ಅಂತ" ಅನ್ನುತ್ತಾರೆ. ಹಿಡಿದಾದ ಮೇಲೆ ಬಳಿದಿದ್ದಾರೆ ಅಂತ ತಿಳಿಯಿರಿ.

ಎದ್ದ ಮೇಲೆ ನಾಲ್ಕು ಜಾಗ ಬಾಕಿ. ರಬ್ಬರ್ ಮ್ಯಾಟ್ ಎತ್ತಿ ಕಾಲಿಡುವ ಜಾಗ ನೋಡಿ. ಡಿಕ್ಕಿ ತೆಗೆದು ಸ್ಟೆಪ್ನಿ ಹೊರಗಿಟ್ಟು ಅದರ ಅಡಿ ನೋಡಿ, ನೀರು ನಿಲ್ಲುವುದೇ ಅಲ್ಲಿ. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ ನೋಡಿ, ಆ್ಯಸಿಡ್ ಚೆಲ್ಲಿ ತಿಂದಿರುತ್ತೆ. ಮುಂದಿನ ಗಾಜಿನ ಸುತ್ತಲ ರಬ್ಬರ್ ಬೀಡಿಂಗಿನ ಕೆಳಗಿನ ಎರಡು ಮೂಲೆಗಳನ್ನು ಹೆಬ್ಬೆರಳಿಂದ ಒತ್ತಿ. ಅಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಗಾಜಿನ ಚೌಕಟ್ಟಿನ ತಗಡು ಹೋಗಿದೆ ಅಂತ ಅರ್ಥ, ಅದು ಟಿಂಕರಿಂಗ್‌ನವರೂ ತಲೆ ಕೆರೆದುಕೊಳ್ಳುವ ಜಾಗ. ಕೊನೆಗೆ ನಾಲ್ಕೂ ಬಾಗಿಲು ಒಂದೊಂದಾಗಿ ತೆಗೆದು ಹಾಕಿ. ಎತ್ತಿ ಹಾಕಬೇಕಾದರೆ ಕೀಲು ಸವೆದಿರಬಹುದು, ಅದು ಸಣ್ಣ ಕೆಲಸ. ಕೀಲು ಗಟ್ಟಿ ಇದ್ದೂ ಬಾಗಿಲು ಕೂರುವುದಿಲ್ಲ ಅಂದರೆ ಕಾರೇ ನಡು ಬಗ್ಗಿದೆ.

ಕಾರು ಯಾವ ಊರಲ್ಲಿ ಬಾಳಿತು ಅನ್ನುವುದೂ ಮುಖ್ಯ. ಕರಾವಳಿಯ ಉಪ್ಪುಗಾಳಿ ಒಳಗಿನಿಂದ ತಿನ್ನುತ್ತೆ, ಹೊರಗೆ ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿರುತ್ತೆ. ನಮ್ಮ ಮಲೆನಾಡಿನ ಮಳೆ ಹೊರಗಿನಿಂದ ತಿನ್ನುತ್ತೆ. ಚಿತ್ರದುರ್ಗ, ಬಳ್ಳಾರಿ, ವಿಜಯಪುರದ ಕಡೆ ಬಿಸಿಲಲ್ಲಿ ನಿಂತ ಕಾರಿನ ಬಣ್ಣ ಸುಣ್ಣದಂತೆ ಪುಡಿ ಉದುರುತ್ತೆ, ಸೀಟು ಹರಿದಿರುತ್ತೆ, ಬೀಡಿಂಗು ಬಿರುಕು ಬಿಟ್ಟಿರುತ್ತೆ, ಆದರೆ ತಟ್ಟಿದರೆ ಠಣ್ ಅನ್ನುತ್ತೆ. ಸುಂದರವಾಗಿ ಹೊಳೆಯುವ ಮಂಗಳೂರಿನ ಕಾರಿಗಿಂತ ಕುರೂಪಿ ಹೊಸದುರ್ಗದ ಕಾರು ಮೇಲು. ನಾನು ಕೊಂಡದ್ದೂ ಆ ಕಡೆಯದನ್ನೇ.

ಇನ್ನು ಯಾವ ಕಾರು ಅನ್ನುವ ಪ್ರಶ್ನೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಪದ್ಮಿನಿ, ಅಂಬಾಸಿಡರ್, ಇಲ್ಲವೇ ಹಳೇ ಮಾರುತಿ 800. ಮೊದಲ ಕಾರಿಗೆ ಈ ಮೂರು ಬಿಟ್ಟು ಬೇರೆಯ ಕಡೆ ತಿರುಗಿ ನೋಡಬೇಡಿ.

ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ 1964ರಿಂದ ಫಿಯೆಟ್ 1100 ಡಿಲೈಟ್ ಅಂತ ಮಾಡಿತು, 70ರ ದಶಕದಲ್ಲಿ ಅದೇ ಮೊದಲು ಪ್ರೆಸಿಡೆಂಟ್, ಆಮೇಲೆ ಪದ್ಮಿನಿ ಆಯಿತು. 1089 ಸಿಸಿ, ನಾಲ್ಕು ಸಿಲಿಂಡರು, ಸ್ಟೀರಿಂಗ್ ಪಕ್ಕದ ಹ್ಯಾಂಡ್ ಗೇರು. ಬಾನೆಟ್ ಎತ್ತಿದರೆ ಪ್ರತಿ ಬೋಲ್ಟೂ ಕಣ್ಣಿಗೆ ಕಾಣುತ್ತೆ, ಕೈ ಹೋಗುತ್ತೆ. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ 2023ರವರೆಗೂ ಓಡಿದ್ದರಿಂದ ಸ್ಪೇರು ಬತ್ತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳುತ್ತಾ ಹೋದರೆ, ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಹುಡುಕುತ್ತಾ ಹೋದರೆ, ಇಂದಲ್ಲ ನಾಳೆ ಸಿಗುತ್ತೆ.

ಅಂಬಾಸಿಡರ್ ಇನ್ನೂ ಸುಲಭ. 1950ರ ದಶಕದ ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ಹಳ್ಳಿಯ ಮೆಕ್ಯಾನಿಕ್ಕೂ ಕಣ್ಣು ಮುಚ್ಚಿ ಬಿಚ್ಚುತ್ತಾನೆ. ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ಕಲಿಯುವವರಿಗೆ ಚೆನ್ನ, ಆಮೇಲೆ ಬಂದ ಇಸುಜು 1800 ಓಡಿಸುವವರಿಗೆ ಚೆನ್ನ. ಅಪ್ಪನ ಕಾರು ಬಿಟ್ಟು ಫಿಯೆಟ್ ಯಾಕೆ ತಂದೆ ಅಂತ ಎಲ್ಲರೂ ಕೇಳಿದರು. ಅಂಬಾಸಿಡರ್ ಒಂದೂಕಾಲು ಅಡಿ ಉದ್ದ ಜಾಸ್ತಿ, ನನ್ನ ಶೆಡ್ಡಿನ ಬಾಗಿಲು ಮುಚ್ಚುತ್ತಿರಲಿಲ್ಲ, ಅಷ್ಟೇ. ನಗಬೇಡಿ, ಟೇಪು ಹಿಡಿದು ನಿಮ್ಮ ಶೆಡ್ಡನ್ನೂ ಅಳೆಯಿರಿ. ಕಾರಿನ ಉದ್ದಗಲದ ಮೇಲೆ ನಾಲ್ಕೂ ಕಡೆ ಮೂರು ಮೂರು ಅಡಿ ಬೇಕು, ಬಿಚ್ಚಿದ ಬಾಗಿಲು, ಸೀಟು, ಬಂಪರು ಇಡಲು ಮನೆಯೊಳಗೆ ಇನ್ನೊಂದು ಕೋಣೆ ಬೇಕು. ನಮ್ಮನೆಯಲ್ಲಿ ಪದ್ಮಿನಿಯ ಹಿಂದಿನ ಸೀಟು ಹದಿನಾಲ್ಕು ತಿಂಗಳು ಹಾಲ್‌ನಲ್ಲಿ ಸೋಫಾ ಆಗಿತ್ತು. ಮಾವನವರಿಗೆ ಅದೇ ಇಷ್ಟವಾಗಿ ವಾಪಸ್ ಕೊಡಲು ಒಪ್ಪಲಿಲ್ಲ, ಅದು ಬೇರೆ ಕಥೆ.

ಮಾರುತಿ 800ರ ಮೊದಲ ಕಾರಿನ ಕೀಲಿಕೈ ಕೊಟ್ಟದ್ದು 1983ರ ಡಿಸೆಂಬರ್ 14ರಂದು. ಆ ಮೊದಲ ಮಾದರಿಗೆ ಈಗ ಸಂಗ್ರಹಕಾರರ ಬೆಲೆ ಬಂದುಬಿಟ್ಟಿದೆ, ಕಲಿಯುವ ಕೈಗೆ ಅದು ಬೇಡ. 1986ರ ನಂತರದ ಮಾದರಿ ಸಾಕು. 796 ಸಿಸಿ, ಮೂರೇ ಸಿಲಿಂಡರು. ತಗಡು ಮಾತ್ರ ತೆಳ್ಳಗೆ, ಬೆಸುಗೆ ಹಾಕುವವನ ಕೈ ಹಗುರ ಇರಬೇಕು.

ಉಳಿದವುಗಳ ಬಗ್ಗೆ ಚುಟುಕಾಗಿ. ಹೆರಾಲ್ಡಿನ ಎಂಜಿನ್, ಸಸ್ಪೆನ್ಷನ್ ಸಾಮಾನು ಇಂಗ್ಲೆಂಡಿನಿಂದ ಇವತ್ತಿಗೂ ತರಿಸಬಹುದು, ಅಲ್ಲಿ ಅದು ಟ್ರಯಂಫ್ ಹೆರಾಲ್ಡ್. ಆದರೆ ನಾಲ್ಕು ಬಾಗಿಲಿನ ಹೆರಾಲ್ಡನ್ನು ಮಾಡಿದ್ದು ನಮ್ಮ ಮದ್ರಾಸಿನಲ್ಲಿ ಮಾತ್ರ. ನನ್ನ ಕಾರಿನ ಹಿಂಬಾಗಿಲಿನ ತಗಡು ಪ್ರಪಂಚದ ಯಾವ ಅಂಗಡಿಯಲ್ಲೂ ಇರಲಿಲ್ಲ ಅನ್ನುವುದು ಕೊಂಡ ಮೇಲೆ ತಿಳಿಯಿತು. ಕಾಂಟೆಸ್ಸಾ ನೋಡಲು ಚೆಂದ, ದೊಡ್ಡ ತಗಡಿನ ಗುಡ್ಡೆ. ಜೀಪು ಎಲ್ಲಕ್ಕಿಂತ ಸರಳ ಗಾಡಿ, ಆದರೆ ಎಂಜಿನ್ ಒಂದರದ್ದು, ಚಾಸಿಸ್ ಇನ್ನೊಂದರದ್ದು, ಪೇಪರು ಮೂರನೆಯದರದ್ದು ಆಗಿರುವುದನ್ನು ನಾನೇ ಎರಡು ಕಡೆ ನೋಡಿದ್ದೇನೆ. ನಮ್ಮ ಬೆಂಗಳೂರಿನಲ್ಲೇ ಸಿಪಾನಿಯವರು 80ರ ದಶಕದಲ್ಲಿ ಮಾಡಿದ ಡಾಲ್ಫಿನ್ ಮೇಲೆ ಕನ್ನಡಿಗರಿಗೆ ಒಂದು ಮೋಹ ಇರುವುದು ಸಹಜ. ಫೈಬರ್ ಬಾಡಿ, ತುಕ್ಕೇ ಇಲ್ಲ. ಬಿಡಿಭಾಗವೂ ಇಲ್ಲ. ಮೂರನೇ ಕಾರಾಗಿ ತನ್ನಿ. ಇನ್ನು ಮೋಹ ತೀರಲೇಬೇಕಿದ್ದರೆ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯಕ್ಕೋ, ಧರ್ಮಸ್ಥಳದ ಕಾರು ಸಂಗ್ರಹಕ್ಕೋ ಹೋಗಿ ಕಣ್ತುಂಬ ನೋಡಿಕೊಂಡು ಬನ್ನಿ, ಟಿಕೆಟ್ ದುಡ್ಡಿಗೆ ಮುಗಿಯುತ್ತೆ.

ತಗಡು ಪಾಸಾಯಿತು ಅಂದುಕೊಳ್ಳಿ. ಈಗ ಪೇಪರು. ಆರ್‌ಸಿ ಇಲ್ಲದ ಕಾರು ಎಷ್ಟೇ ಚೆನ್ನಾಗಿರಲಿ, ಪುಕ್ಕಟೆ ಕೊಟ್ಟರೂ ಬೇಡ. "ಆಮೇಲೆ ಮಾಡಿಸಿಕೊಡ್ತೀನಿ" ಅನ್ನುವ ಬ್ರೋಕರ್ ಮಾತು ನಂಬಿ ನನ್ನ ಸಹೋದ್ಯೋಗಿಯೊಬ್ಬರು ಎರಡು ವರ್ಷದಿಂದ ಕಾರಿಗೆ ಟಾರ್ಪಲ್ ಹೊದಿಸಿ ಕೂತಿದ್ದಾರೆ. ಚಾಸಿಸ್ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದುಕೊಳ್ಳಿ, ಎಂಜಿನ್ ನಂಬರಿಗೂ ಹಾಗೇ. ಆರ್‌ಸಿ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ನನ್ನ ಪದ್ಮಿನಿಗೆ ಇರುವುದು ಕೆಎ ಬರುವುದಕ್ಕೆ ಮುಂಚಿನ ಮೂರಕ್ಷರದ ನಂಬರು. ಇಂಥ ಹಳೇ ಗಾಡಿಗಳ ವಿವರ ಎಷ್ಟೋ ಸಲ ಆರ್‌ಟಿಒ ಕಂಪ್ಯೂಟರಿಗೆ ಏರಿರುವುದೇ ಇಲ್ಲ. ಹಣ ಕೊಡುವ ಮುಂಚೆ ಫೋನಿನಲ್ಲಿ ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರು ಹಾಕಿ ನೋಡಿ. ಬರದಿದ್ದರೆ ಬ್ಯಾಕ್‌ಲಾಗ್ ಎಂಟ್ರಿ (ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವುದು) ಮಾಡಿಸಿ ಕೊಡುವ ಹೊಣೆ ಮಾರುವವರದ್ದು ಅಂತ ಮೊದಲೇ ಮಾತಾಡಿಕೊಳ್ಳಿ.

ಹೆಸರು ಬದಲಾವಣೆಗೆ, ಮಾಲೀಕರು ಬದುಕಿದ್ದರೆ ಫಾರಂ 29 ಮತ್ತು 30. ತೀರಿಕೊಂಡಿದ್ದರೆ ಗಾಡಿ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಬರಬೇಕು, ಆಮೇಲೆ ನಿಮಗೆ. ಹಳೇ ಕಾರುಗಳಲ್ಲಿ ಇದೇ ಹೆಚ್ಚು, ಯಾಕಂದರೆ ಅಪ್ಪ ಇರುವವರೆಗೆ ಮಕ್ಕಳು ಮಾರುವುದಿಲ್ಲ. ನಾಲ್ಕು ಮಕ್ಕಳಲ್ಲಿ ಒಬ್ಬರು ಅಮೆರಿಕದಲ್ಲಿದ್ದರೆ ಸಹಿಗೆ ಆರು ತಿಂಗಳು. ಬೇರೆ ರಾಜ್ಯದ್ದಾದರೆ ಅಲ್ಲಿಂದ ಎನ್‌ಒಸಿ, ಅದು ಫಾರಂ 28. ಖಾಸಗಿ ಕಾರಿನ ಆರ್‌ಸಿ ಹದಿನೈದು ವರ್ಷ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ, ತಡವಾದ ತಿಂಗಳುಗಳಿಗೆ ದಂಡ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸಬಾರದು ಅನ್ನುವ ದೆಹಲಿಯಂಥ ನಿಯಮ ನಮ್ಮಲ್ಲಿಲ್ಲ. ಐವತ್ತು ವರ್ಷ ದಾಟಿದ, ಮೂಲ ರೂಪ ಕೆಡದ ಕಾರಿಗೆ 2021ರಿಂದ ವಿಂಟೇಜ್ ನೋಂದಣಿ ಅಂತ ಬೇರೆಯೇ ಇದೆ, ನಂಬರಿನಲ್ಲಿ ವಿಎ ಅಕ್ಷರ ಬರುತ್ತೆ. ಆ ಆಸೆ ಇದ್ದರೆ ಎಂಜಿನ್ ಬದಲಾಯಿಸಿದ, ಡ್ಯಾಶ್‌ಬೋರ್ಡ್ ಕೆತ್ತಿದ ಕಾರು ತರಬೇಡಿ.

ಎಂಜಿನ್ ಬಗ್ಗೆ ಇಷ್ಟು ಹೊತ್ತು ಮಾತೇ ಆಡಿಲ್ಲ, ಬೇಕಂತಲೇ. ನೋಡಬೇಕಾದ್ದು ಕಡಿಮೆ. ಫ್ಯಾನ್ ಬೆಲ್ಟ್ ಹಿಡಿದು ತಿರುಗಿಸಿದರೆ ಎಂಜಿನ್ ತಿರುಗಬೇಕು. ತಿರುಗದಿದ್ದರೂ ಹೆದರಬೇಡಿ, ಪ್ಲಗ್ ಬಿಚ್ಚಿ ಆ ತೂತುಗಳಲ್ಲಿ ಡೀಸೆಲ್ ಬಿಟ್ಟು ನಾಲ್ಕು ದಿನ ನೆನೆಸಿದರೆ ಎಷ್ಟೋ ಸಲ ಬಿಡುತ್ತೆ, ಬೆಲೆ ಮಾತ್ರ ಇಳಿಸಿ ಕೇಳಿ. ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆತ ಕಾಫಿಯಂಥ ಲೋಳೆ ಇದ್ದರೆ ನೀರು ಆಯಿಲಿಗೆ ಸೇರುತ್ತಿರಬಹುದು. ನೀಲಿ ಹೊಗೆ ಬಂದರೆ ರಿಂಗು ಇಲ್ಲವೇ ವಾಲ್ವ್ ಸೀಲು. ಒಂದು ಪ್ರಶ್ನೆ ಮಾತ್ರ ತಪ್ಪದೆ ಕೇಳಿ: ಎಷ್ಟು ಸಲ ಬೋರ್ ಆಗಿದೆ? ಪ್ರತಿ ಸಲ ಕೊರೆದು 20, 40 ಅಂತ ಇನ್ನೂ ದಪ್ಪದ ಓವರ್‌ಸೈಜ್ ಪಿಸ್ಟನ್ ಹಾಕುತ್ತಾ ಹೋದರೆ ಕೊನೆಗೆ ಬ್ಲಾಕಿನ ಗೋಡೆಯೇ ತೆಳ್ಳಗಾಗುತ್ತೆ, ಆಮೇಲೆ ಲೈನರ್ (ಸಿಲಿಂಡರಿನೊಳಗೆ ಕೂರುವ ಹೊಸ ಕೊಳವೆ) ಹೊಡೆಸಬೇಕು. ಗೊತ್ತಿಲ್ಲ ಅಂದರೆ ಆಗಿದೆ ಅಂತಲೇ ಲೆಕ್ಕ ಹಾಕಿ. ಇನ್ನೊಂದು, ಈಗ ಬಂಕಿನಲ್ಲಿ ಸಿಗುವ ಇ20 (ಶೇಕಡಾ 20 ಎಥನಾಲ್ ಬೆರೆತ) ಪೆಟ್ರೋಲಿನ ಎಥನಾಲ್‌ಗೆ ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ತಡೆಯುವುದಿಲ್ಲ. ಅವನ್ನು ಮೊದಲ ವಾರವೇ ಬದಲಾಯಿಸುವ ಖರ್ಚನ್ನು ಬೆಲೆಗೆ ಸೇರಿಸಿಕೊಂಡೇ ಚೌಕಾಸಿ ಮಾಡಿ.

ಕೊಳ್ಳುವ ತಿಂಗಳೂ ನೋಡಿಕೊಳ್ಳಿ. ನಾನು ಪದ್ಮಿನಿ ತಂದದ್ದು ನವೆಂಬರಿನಲ್ಲಿ. ಜೂನಿನಲ್ಲಿ ತಂದು ಬಣ್ಣ ಕಿತ್ತರೆ ಮಲೆನಾಡಿನಲ್ಲಿ ಬೆಳಗಾಗುವಷ್ಟರಲ್ಲಿ ಬರಿ ತಗಡಿನ ಮೇಲೆ ಅರಿಶಿನ ಹಚ್ಚಿದ ಹಾಗೆ ತುಕ್ಕು ಬಂದಿರುತ್ತೆ. ಒಂದು ದಿನಕ್ಕೆ ಎಷ್ಟು ಪ್ರೈಮರ್ ಹೊಡೆಯಬಲ್ಲಿರೋ ಅಷ್ಟೇ ಬಣ್ಣ ಕೀಳಬೇಕು.

ಕೊನೆಯದಾಗಿ ಇಲ್ಲದ ಸಾಮಾನಿನ ಪಟ್ಟಿ. ಹೊಸಬರು ಇರುವುದನ್ನು ನೋಡುತ್ತಾರೆ, ಇಲ್ಲದ್ದನ್ನು ನೋಡುವುದಿಲ್ಲ. ಗ್ರಿಲ್, ಹೆಡ್‌ಲೈಟಿನ ಬಳೆ, ಹಿಂದಿನ ಲೈಟಿನ ಗಾಜು, ಬಾಗಿಲ ಹಿಡಿ, ಗಾಜು ಇಳಿಸುವ ಹಿಡಿ, ಚಕ್ರದ ಬಟ್ಟಲು (ವೀಲ್ ಕ್ಯಾಪ್), ಮೀಟರು, ಕ್ರೋಮ್ ಪಟ್ಟಿಗಳು. ಪಿಸ್ಟನ್ ಅಂಗಡಿಯಲ್ಲಿ ಸಿಗುತ್ತೆ, ಇವು ಸಿಗುವುದಿಲ್ಲ, ಸಿಕ್ಕರೂ ಇನ್ನೊಬ್ಬರ ಕಾರಿನಿಂದ ಕಿತ್ತದ್ದೇ. ಅದೇ ಮಾದರಿಯ ಪೂರ್ತಿ ಕಾರಿನ ಫೋಟೋ ಫೋನಿನಲ್ಲಿ ಇಟ್ಟುಕೊಂಡು ಒಂದೊಂದೇ ಹೋಲಿಸಿ.

ನಾನು ಪದ್ಮಿನಿ ಕೊಂಡ ಹೊಸದುರ್ಗದ ಮನೆಯಲ್ಲಿ, ನನ್ನ ಪಟ್ಟಿಯ ಹನ್ನೊಂದು ಸಾಮಾನು ಕಾರಿನಲ್ಲಿ ಇರಲಿಲ್ಲ. ಅದಕ್ಕೇ 85,000 ಇದ್ದದ್ದು 65,000ಕ್ಕೆ ಇಳಿಯಿತು. ದುಡ್ಡು ಕೊಟ್ಟಾಯಿತು, ಕಾರನ್ನು ಲಾರಿಗೆ ಹತ್ತಿಸುತ್ತಿದ್ದರು. ಮನೆಯ ಅಜ್ಜಿ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಸುಮ್ಮನೆ ಕೇಳಿದೆ, "ಅಜ್ಜಿ, ಅಟ್ಟದ ಮೇಲೆ ಈ ಕಾರಿಂದು ಏನಾದ್ರೂ ಇದೆಯಾ?" ಅಜ್ಜಿ ಮೊಮ್ಮಗನನ್ನು ಏಣಿ ಹತ್ತಿಸಿದರು. ಗೋಣಿಚೀಲದಲ್ಲಿ, ಹಳೇ ಸೀರೆಯ ತುಂಡುಗಳಲ್ಲಿ ಒಂದೊಂದಾಗಿ ಸುತ್ತಿ, ನಾಲ್ಕು ಚಕ್ರದ ಬಟ್ಟಲು, ಎರಡು ಹೆಡ್‌ಲೈಟ್ ಬಳೆ, ಗ್ರಿಲ್ಲಿನ ಪಟ್ಟಿ, ಒಡೆಯದ ಒಂದು ಹಿಂದಿನ ಲೈಟಿನ ಗಾಜು. "ಕಳ್ಳರು ಕಿತ್ಕೊಂಡ್ ಹೋಗ್ತಾರೆ ಅಂತ ನಮ್ಮೋರೇ ಬಿಚ್ಚಿಟ್ಟಿದ್ರು" ಅಂದರು. ಇನ್ನೂ ದುಡ್ಡು ಕೊಡಲು ಹೋದೆ, ಅಜ್ಜಿ ತೆಗೆದುಕೊಳ್ಳಲಿಲ್ಲ. ಸೀರೆ ತುಂಡುಗಳನ್ನು ಮಾತ್ರ ಬಿಚ್ಚಿ, ಮಡಿಚಿ, ವಾಪಸ್ ಇಟ್ಟುಕೊಂಡರು.